ಅಟ್ಲಾಸಿನಲ್ಲಿ ಇಲ್ಲದ ಸಮುದ್ರ

ಇಲ್ಲದ ಸಮುದ್ರವೊಂದನ್ನು ಹುಡುಕುತ್ತ ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ. ಊಟದ ತಾಟುಗಳು ಬಚ್ಚಲಲ್ಲಿ ಒಣಗುತ್ತಿದ್ದವು, ನಾನು ನಡುಮನೆಯ ನೆಲದ ಮೇಲೆ ಅಟ್ಲಾಸ್ ಹರವಿಕೊಂಡು ಕೂತಿದ್ದೆ. ಕಪ್ಪು ಸಮುದ್ರ ಸಿಕ್ಕಿತು, ಕೆಂಪು ಸಮುದ್ರ ಸಿಕ್ಕಿತು, ಮೃತ ಸಮುದ್ರ ಸಿಕ್ಕಿತು, ರಷ್ಯದ ನೆತ್ತಿಯ ಮೇಲೆ ಬಿಳಿ ಸಮುದ್ರವೂ ಸಿಕ್ಕಿತು. ಪವಿತ್ರ ಸಮುದ್ರ ಮಾತ್ರ ಸಿಗಲಿಲ್ಲ. ಆಗ ನನಗೆ ಸಿಟ್ಟು ಬಂದಿರಲಿಲ್ಲ. ಇಷ್ಟೂ ಗೊತ್ತಿಲ್ಲದೆ ಕಲಿಸಲು ಹೋದೆನಲ್ಲ ಎಂದು ನಾಚಿಕೆಯಾಗಿತ್ತು. ಸಿಟ್ಟು ಆಮೇಲೆ ಬಂತು. ಬಂದದ್ದು ಇನ್ನೂ ಪೂರ್ತಿ ಹೋಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಬೆಟಗೇರಿಯಲ್ಲಿ ಹೊಲಿಗೆ, ಕಸೂತಿ ಕಲಿಸುತ್ತಿದ್ದ ಒಂದು ಮಹಿಳಾ ಮಂಡಳವಿತ್ತು. ಕಾಲೇಜಿಗೆ ಹೋಗಲಾಗದ ಹುಡುಗಿಯರನ್ನು ಖಾಸಗಿಯಾಗಿ ಪಿಯುಸಿ ಪರೀಕ್ಷೆಗೆ ಕೂಡಿಸಲು ಆ ವರ್ಷ ಅವರು ಮಧ್ಯಾಹ್ನದ ವರ್ಗವೊಂದನ್ನು ಶುರು ಮಾಡಿದರು. ಕನ್ನಡಕ್ಕೆ, ಅರ್ಥಶಾಸ್ತ್ರಕ್ಕೆ ಜನ ಸಿಕ್ಕರು. ಇತಿಹಾಸಕ್ಕೆ ಸಿಗಲಿಲ್ಲ. ಮಂಡಳದ ಅಧ್ಯಕ್ಷೆ ಒಂದು ದಿನ ನಮ್ಮ ಮನೆಗೆ ಬಂದು, ಚಹಾ ಕುಡಿದು, ಕಪ್ಪು ಕೆಳಗಿಟ್ಟು ವಿಷಯ ತೆಗೆದರು.

“ನೀವು ಹುಬ್ಬಳ್ಳಿ ಕಾನ್ವೆಂಟಿನ್ಯಾಗ ಕಲತವ್ರು. ನಿಮಗ ಯುರೋಪ್ ಅಂದ್ರ ಹಿತ್ತಲ ಇದ್ದಂಗ.”

“ನಾ ಹುಬ್ಬಳ್ಳಿ ದಾಟಿ ಹೋಗಿಲ್ರಿ.”

“ನಮ್ಮ ಹುಡಿಗ್ಯಾರು ಗದಗ ದಾಟಿಲ್ಲ. ನಡೀತದ, ಬರ್ರಿ.”

ಹೋದೆ. ಹೊಲಿಗೆ ಮಷಿನ್ನುಗಳನ್ನು ಗೋಡೆಗೆ ಸರಿಸಿ, ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳನ್ನು ಗುಡಿಸಿ, ಜಮಖಾನೆ ಹಾಸಿದರೆ ನಮ್ಮ ವರ್ಗ. ಪಕ್ಕದ ಓಣಿಯಿಂದ ಮಗ್ಗದ ಸಪ್ಪಳ ಒಂದೇ ಸಮನೆ ಬರುತ್ತಿತ್ತು. ಮಗ್ಗ ನಿಂತಾಗ ಮಾತ್ರ ನನ್ನ ದನಿ ನನಗೇ ದೊಡ್ಡದಾಗಿ ಕೇಳಿ, ನಾನು ತಡವರಿಸುತ್ತಿದ್ದೆ.

ನನ್ನ ಪಾಲಿಗೆ ಬಂದದ್ದು ಯುರೋಪಿನ ಮೂರು ಪಾಠಗಳು: ಹಡಗು ಹತ್ತಿ ಹೊಸ ನಾಡುಗಳನ್ನು ಹುಡುಕಿದ್ದು, ರೋಮಿನ ಪೋಪನ ವಿರುದ್ಧ ಮತಸುಧಾರಕರು ಎದ್ದದ್ದು, ದೊರೆಗಳು ತಮ್ಮ ತಮ್ಮ ರಾಜ್ಯಗಳನ್ನು ಗಟ್ಟಿ ಮಾಡಿಕೊಂಡದ್ದು. ಇವಕ್ಕೆ ಕನ್ನಡದಲ್ಲಿ ನಮ್ಮ ಕೈಗೆ ಸಿಗುತ್ತಿದ್ದದ್ದು ಒಂದೇ ಗೈಡು. ಬರೆದವರು ಗದಗಿನ ಒಂದು ಕಾಲೇಜಿನ ಇತಿಹಾಸದ ಪ್ರಾಧ್ಯಾಪಕರು. ನಮ್ಮ ಹುಡುಗಿಯರ ಪಿಯುಸಿ ಫಾರಂ ಮೇಲಕ್ಕೆ, ಬೋರ್ಡಿಗೆ ಹೋಗಬೇಕಾದರೆ ಅದೇ ಕಾಲೇಜು ನಡೆಸುವ ಪೂರ್ವ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಇತಿಹಾಸದ ಪ್ರಶ್ನೆ ತೆಗೆಯುವವರು ಆ ಪ್ರಾಧ್ಯಾಪಕರೇ, ಉತ್ತರ ತಿದ್ದುವವರೂ ಅವರೇ.

ಪರೀಕ್ಷೆಯಲ್ಲಿ ನಕಾಶೆಯ ಪ್ರಶ್ನೆ ಕಡ್ಡಾಯ. ಉಳಿದವುಗಳಲ್ಲಿ ಬೇಕಾದ್ದು ಆರಿಸಿಕೊಳ್ಳಬಹುದಿತ್ತು, ಇದರಲ್ಲಿ ಆಗದು. ಹೀಗಾಗಿ ನಾನು ಮೊದಲು ನಕಾಶೆಗೇ ಕೈ ಹಾಕಿದೆ. ಅಚ್ಚಾದ ನಕಾಶೆಗಳು ಎಲ್ಲರಿಗೂ ಸಾಲುವಂತಿರಲಿಲ್ಲ. ಕಸೂತಿ ವರ್ಗದಲ್ಲಿ ಚಿತ್ತಾರ ಇಳಿಸುವ ರೀತಿ ನೆನಪಾಯಿತು. ತೆಳು ಕಾಗದದ ಮೇಲೆ ಯುರೋಪಿನ ಅಂಚು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿದೆ. ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯಲ್ಲಿ ಅರಿವೆ ಅದ್ದಿ ಒರೆಸಿದರೆ ಕೆಳಗಿನ ಹಾಳೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಯುರೋಪು ಇಳಿಯುತ್ತಿತ್ತು. ಇಟಲಿಯ ಬೂಟಿನ ಹಿಮ್ಮಡಿಯಲ್ಲಿ ಪ್ರತಿ ಸಲ ನೀಲಿ ಹರಡಿಕೊಳ್ಳುತ್ತಿತ್ತು, ಅಲ್ಲಿ ತೂತುಗಳನ್ನು ದೂರ ದೂರ ಹಾಕುವುದನ್ನು ಕಲಿತೆ. ಹಾಳೆಗಳೆಲ್ಲ ಸೀಮೆಎಣ್ಣೆ ವಾಸನೆ ಹೊಡೆಯುತ್ತಿದ್ದವು. ಹುಡುಗಿಯರು ಬಗ್ಗಿ ಬಗ್ಗಿ ನಗರಗಳನ್ನು ಗುರುತಿಸುತ್ತಿದ್ದರು.

ಅವರೊಳಗೆ ಡಂಬಳದವಳೊಬ್ಬಳಿದ್ದಳು. ಬೆಟಗೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ವರ್ಗಕ್ಕೆ ಬರುತ್ತಿದ್ದಳು. ಮುಂಡರಗಿಯ ವ್ಯಾಪಾರಸ್ಥರ ಮನೆಗೆ ಆಕೆಯ ಮಾತುಕತೆ ಮುಗಿದಿತ್ತು. ಅಪ್ಪ ಒಂದೇ ಒಂದು ಸಡಿಲು ಬಿಟ್ಟಿದ್ದ: ಪೂರ್ವ ಪರೀಕ್ಷೆ ಪಾಸಾದರೆ ಲಗ್ನ ಮುಂದಕ್ಕೆ, ಪಿಯುಸಿ ಮುಗಿಸಿ ಮಾಸ್ತರಿಕೆಯ ತರಬೇತಿಗೂ ಹೋಗಬಹುದು, ನಪಾಸಾದರೆ ಬರುವ ಮುಹೂರ್ತಕ್ಕೇ ಲಗ್ನ. ಇದನ್ನು ಆಕೆ ಅಳುತ್ತ ಹೇಳಿದವಳಲ್ಲ. ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದ್ದಳು. ಆದರೆ ಪೆನ್ಸಿಲನ್ನು ಆಕೆ ಎಷ್ಟು ಒತ್ತಿ ಹಿಡಿಯುತ್ತಿದ್ದಳೆಂದರೆ ಬರೆದದ್ದು ಹಾಳೆಯ ಹಿಂದೆಯೂ ಮೂಡುತ್ತಿತ್ತು.

ಹೊಸ ನಾಡುಗಳಿಗಾಗಿ ಸ್ಪೇನ್, ಪೋರ್ತುಗಲ್ ಜಗಳಾಡಿದ್ದನ್ನು, ಅಟ್ಲಾಂಟಿಕ್ ಸಾಗರದ ನಡುವೆ ಗೆರೆ ಎಳೆದು ಪೋಪ್ ಆ ಕಡೆಯದು ಒಬ್ಬರಿಗೆ, ಈ ಕಡೆಯದು ಇನ್ನೊಬ್ಬರಿಗೆ ಎಂದದ್ದನ್ನು ಹೇಳಿದ ದಿನ ಆಕೆ ಕೈ ಎತ್ತಿದಳು.

“ಅಕ್ಕಾರ, ಆ ಹೊಲದಾಗ ಮೊದಲ ಇದ್ದವ್ರನ್ನ ಯಾರೂ ಕೇಳಲಿಲ್ಲೇನ್ರಿ?”

“ಕೇಳಲಿಲ್ಲ.”

“ನಮ್ಮ ಕಡಿ ಆಗಿದ್ರ ಬಡಿಗಿ ತಗೊಂಡು ಬರ್ತಿದ್ರು.”

ಹಿಂದಿನಿಂದ ಬೆಟಗೇರಿಯ ನೇಕಾರರ ಹುಡುಗಿ, ಯಾವುದಕ್ಕೂ ಒಂದು ಮಾತು ಸೇರಿಸದೆ ಇರಲಾಗದವಳು, ಅಂದಳು: “ಅವರೂ ಬಂದಿರ್ತಾರ ತಗೋ. ಗೈಡಿನ್ಯಾಗ ಬರದಿಲ್ಲ, ಅಷ್ಟ.”

ನಗು ಮುಗಿದ ಮೇಲೆ ಡಂಬಳದ ಹುಡುಗಿ ಗೈಡಿನ ಸಾಲಿನ ಮೇಲೆ ಬೆರಳಿಟ್ಟಳು. “ಮತ್ತ ಇಲ್ಲಿ ಪೋಪ್ ಅಂತಿಲ್ರಿ. ಪವಿತ್ರ ಸಮುದ್ರ ಅಂತೈತಿ. ಅಟ್ಲಾಸದಾಗ ಅದು ಸಿಗವಲ್ದು.”

“ನಿಂಗ ಮಾರ್ಕ್ ಬೇಕೋ, ಸಮುದ್ರ ಬೇಕೋ?” ನೇಕಾರರ ಹುಡುಗಿ ಬಿಡಲಿಲ್ಲ. “ಗೈಡಿನ ನಕಾಶದಾಗ ಗೋಲ್ ಹಾಕ್ಯಾರ. ನೀನೂ ಹಾಕು, ಮುಗೀತು.”

ಹಳೆಯ ಹೆಸರಿರಬೇಕು, ನೋಡಿ ಹೇಳುತ್ತೇನೆ ಎಂದು ಮನೆಗೆ ಬಂದೆ. ಮರುದಿನ ವರ್ಗಕ್ಕೆ ರಜೆ, ಅಂದಿನದೇ ಆ ಅಟ್ಲಾಸಿನ ಮಧ್ಯಾಹ್ನ.

ಗೈಡಿನಲ್ಲಿ ಆ ಹೆಸರು ಮೂರು ಪಾಠಗಳಲ್ಲೂ ಬಂದಿತ್ತು. ಹೊಸ ನಾಡುಗಳ ಹಂಚಿಕೆಗಾಗಿ ಇಬ್ಬರೂ ದೊರೆಗಳು ಪವಿತ್ರ ಸಮುದ್ರದ ಮೊರೆಹೊಕ್ಕರು. ಮತಸುಧಾರಕರು ಪವಿತ್ರ ಸಮುದ್ರದ ಅಧಿಕಾರವನ್ನು ಧಿಕ್ಕರಿಸಿದರು. ಇಂಗ್ಲೆಂಡಿನ ದೊರೆಯು ಪವಿತ್ರ ಸಮುದ್ರದೊಂದಿಗೆ ಸಂಬಂಧ ಕಡಿದುಕೊಂಡನು. ಇದರಿಂದ ಆ ದೇಶದ ನೌಕಾಬಲವು ಕುಗ್ಗಿತು. ನಕಾಶೆಯಲ್ಲಿ ಇಟಲಿಗೂ ಪ್ಯಾಲೆಸ್ಟೈನಿಗೂ ನಡುವೆ ಒಂದು ಮೊಟ್ಟೆಯಾಕಾರ ಬರೆದು ಅಡ್ಡಗೆರೆ ತುಂಬಿದ್ದರು. ನಮ್ಮವರು ನದಿಗೆ ಬಾಗಿನ ಕೊಡುವ ಹಾಗೆ ಅಲ್ಲಿಯ ದೊರೆಗಳು ಸಮುದ್ರಕ್ಕೆ ಪೂಜೆ ಮಾಡುತ್ತಿದ್ದರೇನೋ ಎಂದು ನಾನು ಮೊದಲ ಸಲ ಓದಿದಾಗ ದಾಟಿ ಹೋಗಿದ್ದೆ.

ಸಂಜೆ ಅಕ್ಕಿ ಆರಿಸುತ್ತ ಕೂತಾಗ ಆ ಮಾತನ್ನು ಸುಮ್ಮನೆ ಇಂಗ್ಲಿಷಿಗೆ ತಿರುಗಿಸಿದೆ. ಪವಿತ್ರ ಅಂದರೆ ಹೋಲಿ. ಸಮುದ್ರ ಅಂದರೆ ಸೀ. ಹೋಲಿ ಸೀ. ಬಾಯಿಬಿಟ್ಟು ಅಂದ ಕೂಡಲೆ ಕಾನ್ವೆಂಟಿನ ಪ್ರಾರ್ಥನಾ ಮಂದಿರದ ಮೇಣದ ವಾಸನೆ ಮೂಗಿಗೆ ಬಂದಂತಾಯಿತು. ಹಿಂದೂ ಹುಡುಗಿಯರಾದ ನಾವು ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆವು. ಸಿಸ್ಟರುಗಳು ಹೋಲಿ ಸೀಗಾಗಿ ಪ್ರಾರ್ಥಿಸುತ್ತಿದ್ದರು. ಆ ಸೀ ನೀರಿನದಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಅಕ್ಷರ ಬೇರೆ ಬೇರೆ: ನೀರಿನದು ಎಸ್-ಇ-ಎ, ಇದು ಎಸ್-ಇ-ಇ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ‘ಸೀ’.

ಖಚಿತ ಮಾಡಿಕೊಳ್ಳದೆ ವರ್ಗದಲ್ಲಿ ಬಾಯಿ ಬಿಡಬಾರದೆಂದು ಹುಬ್ಬಳ್ಳಿಯ ರೈಲು ಹತ್ತಿದೆ. ನನಗೆ ಕಲಿಸಿದ ಮಂಗಳೂರು ಕಡೆಯ ಸಿಸ್ಟರ್ ಇನ್ನೂ ಅಲ್ಲೇ ಇದ್ದರು.

“ಎಂತ ಮಗಾ, ಇಷ್ಟು ವರ್ಷದ ಮೇಲೆ ಸ್ಪೆಲ್ಲಿಂಗ್ ಕೇಳಲಿಕ್ಕೆ ಬಂದದ್ದಾ?” ಎಂದು ನಕ್ಕು ದೊಡ್ಡ ನಿಘಂಟು ತೆಗೆದರು. “ನೋಡು, ಲ್ಯಾಟಿನ್‌ನಿಂದ ಬಂದದ್ದು. ಕೂರುವ ಜಾಗ, ಆಸನ. ರೋಮಿನಲ್ಲಿ ಪೋಪರ ಆಸನ. ನಿಮ್ಮಲ್ಲಿ ಅದಕ್ಕೆ ಎಂತ ಹೇಳುವುದು?”

“ಪೀಠ,” ಅಂದೆ. ಅನ್ನುತ್ತಲೇ ಮೈ ಜುಮ್ಮೆಂದಿತು. ಅಷ್ಟು ಹತ್ತಿರದ ಮಾತು. ನಮ್ಮ ಕಡೆ ಮಠ, ಪೀಠ ಅಂದರೆ ಕೂಸಿಗೂ ಗೊತ್ತು.

ಮರುದಿನ ವರ್ಗದಲ್ಲಿ ಹೇಳಿದಾಗ ಹುಡುಗಿಯರು ಗೊಳ್ಳೆಂದು ನಕ್ಕರು.

“ಅಯ್ಯ, ಪೀಠರೀ? ಇಷ್ಟ ಏನ್ರಿ?”

ಇಷ್ಟೇ. ಆ ಒಂದು ಮಾತು ಬದಲಿಸಿದ ಕೂಡಲೆ ಮೂರೂ ಪಾಠಗಳು ಸಿಕ್ಕು ಬಿಡಿಸಿದ ದಾರದಂತೆ ಸರಾಗವಾದವು. ಇಬ್ಬರು ದೊರೆಗಳು ಪೀಠದ ಹತ್ತಿರ ನ್ಯಾಯ ಕೇಳಲು ಹೋದರು. ಸುಧಾರಕರು ಪೀಠದ ಅಧಿಕಾರ ಒಲ್ಲೆವೆಂದರು. ಪೀಠ ತನ್ನ ಲಗ್ನ ಮುರಿದುಕೊಡಲಿಲ್ಲವೆಂದು ಇಂಗ್ಲೆಂಡಿನ ದೊರೆ ಅದರ ಸಂಬಂಧವನ್ನೇ ಕಡಿದುಕೊಂಡು, ತನ್ನ ನಾಡಿನ ಧರ್ಮಕ್ಕೆ ತಾನೇ ಒಡೆಯನಾದ. ಮಠಗಳ ಆಸ್ತಿ ಖಜಾನೆಗೆ ಸೇರಿತು, ರಾಜ್ಯ ಗಟ್ಟಿಯಾಯಿತು. ನೌಕಾಬಲ ಕುಗ್ಗಿದ ಮಾತು ಎಲ್ಲಿಂದ ಬಂತೆಂದು ಈಗ ಎಲ್ಲರಿಗೂ ತಿಳಿಯಿತು. ಸಮುದ್ರದ ಸಂಬಂಧ ಕಡಿದುಕೊಂಡರೆ ಹಡಗು ಎಲ್ಲಿ ಓಡಿಸಬೇಕು? ತಪ್ಪು ಮಾತಿನ ಮೇಲೆ ಯಾರೋ ಕೂತು ವಿಚಾರ ಮಾಡಿ ಇನ್ನೊಂದು ತಪ್ಪನ್ನು ಹೆತ್ತಿದ್ದರು.

ಮಂಡಳದ ಕಡೆಯಿಂದ ಪ್ರಾಧ್ಯಾಪಕರಿಗೆ ಈ ಸಂಗತಿಯನ್ನು ವಿನಯದಿಂದಲೇ ಬರೆದು ತಿಳಿಸಿದೆ. ಮರುಮಾತು ಬರಲಿಲ್ಲ. ದೊಡ್ಡವರು, ತಿದ್ದಿಕೊಂಡಿರುತ್ತಾರೆ ಎಂದುಕೊಂಡೆ. ಹುಡುಗಿಯರಿಗೆ ಪೀಠವೆಂದೇ ಬರೆಯಲು ಹೇಳಿದೆ.

ಪೂರ್ವ ಪರೀಕ್ಷೆಯ ನಕಾಶೆಯಲ್ಲಿ ಗುರುತಿಸಬೇಕಾದ ಸ್ಥಳಗಳ ಪೈಕಿ ಪವಿತ್ರ ಸಮುದ್ರ ಇತ್ತು. ಉಳಿದ ಹುಡುಗಿಯರು ಪ್ರಶ್ನೆಯಲ್ಲಿ ಆ ಹೆಸರು ನೋಡಿ ಹೆದರಿ ಗೈಡಿನ ಮೊಟ್ಟೆಯನ್ನೇ ಬರೆದು ಬಂದರು. ಡಂಬಳದವಳೊಬ್ಬಳೇ ರೋಮಿನ ಮೇಲೆ ಚುಕ್ಕೆಯಿಟ್ಟು ‘ಪವಿತ್ರ ಪೀಠ’ ಎಂದು ಬರೆದಳು. ಇಂಗ್ಲೆಂಡಿನ ದೊರೆಯ ಪ್ರಶ್ನೆಗೂ ನಾನು ಕಲಿಸಿದಂತೆಯೇ, ಹಾಳೆ ತುಂಬ ಬರೆದಳು.

ಪತ್ರಿಕೆ ತಿದ್ದಿ ಬಂತು. ಪೀಠದ ಮೇಲೆ ಕೆಂಪು ಗೆರೆ. ದೊರೆಯ ಉತ್ತರದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ, ಪಕ್ಕದಲ್ಲಿ ‘ಸಮುದ್ರ!’ ಎಂಬ ಒಂದೇ ಮಾತು. ಆ ಉದ್ಗಾರ ಚಿಹ್ನೆಯ ಚುಕ್ಕೆಯಲ್ಲಿ ಹಾಳೆ ತೂತಾಗಿತ್ತು. ಇತಿಹಾಸದಲ್ಲಿ ಹುಡುಗಿ ನಪಾಸಾಗಿದ್ದಳು. ಮೊಟ್ಟೆ ಬರೆದವರೆಲ್ಲ ಪಾಸಾಗಿದ್ದರು.

ನಾನು ದನಿ ಎತ್ತಿ ಮಾತಾಡಿದವಳಲ್ಲ. ಬೆಳೆದದ್ದೇ ಹಾಗೆ. ಕಾಲೇಜಿನ ಮೆಟ್ಟಿಲು ಹತ್ತುವಾಗ ಸೆರಗು ಸರಿಮಾಡಿಕೊಂಡು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡು ಹೋದೆ. ಪ್ರಾಧ್ಯಾಪಕರು ಎದ್ದು ನಿಂತು ಕುರ್ಚಿ ತೋರಿಸಿದರು. ಚಹಾ ತರಿಸಿದರು. ಸಿಸ್ಟರರ ನಿಘಂಟಿನಿಂದ ನಾನು ನಕಲು ಮಾಡಿ ತಂದಿದ್ದ ಪುಟವನ್ನು ಸಮಾಧಾನವಾಗಿ ಓದಿದರು. ಅವರಿಗೆ ತಿಳಿಯಿತು. ಅವರ ಕಿವಿ ಕೆಂಪಾದದ್ದನ್ನು ನಾನು ಕಣ್ಣಾರೆ ನೋಡಿದೆ.

“ನಾವು ಕಾಲೇಜಿನ್ಯಾಗಿದ್ದಾಗ ನಮ್ಮ ಗುರುಗಳು ನೋಟ್ಸ್ ಹೇಳಿ ಬರಸ್ತಿದ್ರು,” ಅಂದರು. “ಹೋಲಿ ಸೀ ಅಂತ ಹೇಳಿದ್ರು, ನಾವು ಕನ್ನಡದಾಗ ಬರಕೊಂಡ್ವಿ. ಆಮ್ಯಾಲ ಅನುವಾದ ಮಾಡಿದ್ವಿ. ಇಷ್ಟು ವರ್ಷ ಯಾರೂ ಕೇಳಿಲ್ಲ ನೋಡ್ರಿ.”

“ಈಗ ಒಬ್ಬಾಕಿ ಕೇಳ್ಯಾಳ್ರಿ. ಆಕಿ ಬರದದ್ದು ಸರಿ ಅದ. ಮಾರ್ಕ್ ಕೊಡ್ರಿ, ಸಾಕು.”

“ಅದ್ಹೆಂಗಾಗ್ತೈತಿ ಬಾಯಾರ? ಆಕಿಗೆ ಕೊಟ್ರ ಸಮುದ್ರ ಬರದವ್ರದೆಲ್ಲಾ ಕಡೀಬೇಕಾಗ್ತೈತಿ. ಪುಸ್ತಕದಾಗ ಅಚ್ಚಾದದ್ದು ಐತಿ. ಮರುಪರೀಕ್ಷೆ ಐತೆಲ್ಲ, ಸಮುದ್ರ ಅಂತ ಬರ್ಯಾಕ ಹೇಳ್ರಿ ಆಕಿಗೆ, ಒಂದು ಶಬ್ದ, ಮುಗೀತು. ಮುಂದಿನ ಆವೃತ್ತಿಯೊಳಗ ನೋಡೂಣು.”

ಆ ಪುಟವನ್ನು ಮಡಚಿ ನನ್ನ ಕಡೆ ಸರಿಸಿದರು. ನಗುತ್ತ ಸೇರಿಸಿದರು: “ನೀವು ಕಾನ್ವೆಂಟಿನ್ಯಾಗ ಕಲತವ್ರು, ನಿಮಗ ಇವೆಲ್ಲಾ ಸೂಕ್ಷ್ಮ ತಿಳೀತಾವ. ನಮ್ಮ ಕನ್ನಡ ಹುಡುಗ್ರಿಗೆ ಅಷ್ಟು ಆಳ ಯಾಕ್ ಬೇಕ್ರಿ?”

ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಜೋಡಿಸಿಕೊಂಡು ಹೋಗಿದ್ದ ಸಾಲುಗಳಲ್ಲಿ ಉಳಿದವನ್ನು ಹಾಗೇ ಹಿಂದಕ್ಕೆ ತಂದೆ.

ಅವರು ತಪ್ಪು ಮಾಡಿದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ಕೇಳಿ ಬರೆದುಕೊಂಡವರು ಯಾರಾದರೂ ಮಾಡಬಹುದಾದ ತಪ್ಪು. ನನ್ನ ಮೈ ಉರಿದದ್ದು ಆ ಕೊನೆಯ ಮಾತಿಗೆ. ಅದೇ ಪಾಠದಲ್ಲಿ ಇತ್ತಲ್ಲ, ಧರ್ಮಗ್ರಂಥ ಜನರ ಆಡುಮಾತಿನಲ್ಲಿ ಸಿಗಲಿ, ಅವರೇ ಓದಿ ತಿಳಿಯಲಿ ಎಂದು ಆ ಸುಧಾರಕರು ಹಟ ಹಿಡಿದರೆಂದು. ಅದನ್ನು ಬರೆದವರು, ಅದಕ್ಕೆ ಮಾರ್ಕು ಕೊಡುವವರು, ಕನ್ನಡದಲ್ಲಿ ಓದುವ ಹುಡುಗಿಗೆ ತಪ್ಪಾದರೂ ನಡೆಯುತ್ತದೆ ಎಂದು ಠರಾಯಿಸಿದ್ದರು. ಇಂಗ್ಲಿಷಿನಲ್ಲಿ ಓದಿದ ನನಗೆ ಪೀಠ, ನಮ್ಮ ಹುಡುಗಿಯರಿಗೆ ಸಮುದ್ರ. ಅಂದು ಮನೆಯಲ್ಲಿ ರೊಟ್ಟಿ ತಟ್ಟುವಾಗ ಸಪ್ಪಳ ಕೇಳಿ ನಮ್ಮ ಮನೆಯವರು ಅಡುಗೆಮನೆಗೆ ಬಂದರು.

“ಹಿಟ್ಟು ಏನ್ ತಪ್ಪು ಮಾಡ್ಯದ?”

ಹೇಳಿದೆ. ಅವರು ರೈಲ್ವೆ ಕಚೇರಿಯಲ್ಲಿದ್ದವರು, ಮೇಲಿನವರ ಸಹಿಗಾಗಿ ಬಾಗಿ ಬಾಗಿ ನಡು ಪಳಗಿದವರು. “ನೀ ಅವರ ಜೋಡಿ ಹೊಡದಾಡಿದ್ರ ಅವರು ಆಕಿ ಪೇಪರಿನ್ಯಾಗ ಸೇಡು ತೀರಸ್ಕೋತಾರ. ಹುಡುಗಿ ದಾಟಲಿ. ಆಮ್ಯಾಲ ನಿನ್ನ ಸಿಟ್ಟು.”

ಅಧ್ಯಕ್ಷೆಯೂ ಅದನ್ನೇ ಅಂದರು, ಇನ್ನೂ ಸ್ವಲ್ಪ ಹೆದರಿಕೊಂಡು. ಮಂಡಳದ ಉಳಿದ ಫಾರಂಗಳೂ ಅದೇ ಕಾಲೇಜಿನ ಕೈಯಲ್ಲಿದ್ದವು. ಇಬ್ಬರ ಮಾತಿಗೂ ನಾನು ಒಪ್ಪಿರಲಿಲ್ಲ. ಒಪ್ಪಿಸಿದವನು ಹುಡುಗಿಯ ಅಪ್ಪ. ಡಂಬಳದಿಂದ ಬಂದವನು ಮಂಡಳದ ಹೊರಗಿನ ಕಟ್ಟೆಯ ಮೇಲೆ, ಚಪ್ಪಲಿ ದೂರ ಬಿಟ್ಟು, ಟೊಪ್ಪಿಗೆ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.

“ಅಕ್ಕಾರ, ನನ್ನ ಮಗಳು ಬರದದ್ದು ತಪ್ಪೋ, ಖರೆನೋ?”

“ಖರೆ ಅದ.”

“ಖರೆ ಬರದ್ರ ನಪಾಸ ಹೆಂಗ ಮಾಡ್ತಾರ್ರಿ?”

ಅವನು ಟೊಪ್ಪಿಗೆಯನ್ನು ಮೊಣಕಾಲ ಮೇಲೆ ತಿರುಗಿಸಿದ.

“ನಾ ಕಲತಾಂವ ಅಲ್ರಿ. ನನಗ ಈ ಪೀಠನೂ ಗೊತ್ತಿಲ್ಲ, ಸಮುದ್ರನೂ ನೋಡಿಲ್ಲ. ಆದ್ರ ಮುಂಡರಗಿ ಬೀಗರಿಗೆ ಏನ್ ಹೇಳ್ಲಿ? ಸಮುದ್ರ ಇಲ್ಲ ಅಂದಾಳ, ಅದಕ್ಕ ನಪಾಸ ಆಗ್ಯಾಳ ಅಂತ ಹೇಳ್ಲೇನು? ನಗತಾರ್ರಿ. ಮಾತು ಕೊಟ್ಟೀನಿ. ಮರುಪರೀಕ್ಷಾದಾಗೂ ಹಿಂಗ ಆದ್ರ ನಾ ತಡಿಯಾಕ ಆಗಂಗಿಲ್ಲ, ನೋಡ್ರಿ.”

ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನ ಮುಂದೆ ನಿಂತಾಗ ನನ್ನ ಸಿಟ್ಟು ಮತ್ತು ಆಕೆಯ ಪಾಸು ಎರಡೂ ಒಂದೇ ತಕ್ಕಡಿಯಲ್ಲಿಲ್ಲ ಎಂಬುದು ತಿಳಿಯಿತು. ಸೋತರೆ ನಾನು ಮನೆಗೆ ಹೋಗಿ ಅಕ್ಕಿ ಆರಿಸುತ್ತೇನೆ. ಆಕೆ ಮುಂಡರಗಿಗೆ ಹೋಗುತ್ತಾಳೆ.

ಮರುದಿನ ಆಕೆಯನ್ನು ಹೊಲಿಗೆ ಮಷಿನ್ನುಗಳ ಬದಿಗೆ ಕರೆದು ಹೇಳಿದೆ: “ದೊರಿ ಪ್ರಶ್ನೆ ಮುಟ್ಟಬ್ಯಾಡ, ಬ್ಯಾರೆ ಆರಿಸಿಕೋ. ನಕಾಶದ್ದು ಬಿಡಾಕ ಬರಂಗಿಲ್ಲ. ಅಲ್ಲಿ ಸಮುದ್ರ ಅಂತ ಬರಿ.”

ಆಕೆ ನನ್ನ ಮುಖ ನೋಡಿದಳು. “ನೀವ ಪೀಠ ಅಂದ್ರಿ.”

“ಅಂದೆ. ಈಗ ಸಮುದ್ರ ಅಂತೀನಿ. ಹೇಳಿದಷ್ಟು ಕೇಳು.”

“ಹುಬ್ಬಳ್ಳಿತನಾ ಹೋಗಿ ಕೇಳಕೊಂಡು ಬಂದಿದ್ರಿ.”

“ಹೋಗಿದ್ದೆ.”

“ಮತ್ತ ಇಲ್ಲದ ಸಮುದ್ರ ಎಲ್ಲಿ ಬರೀಲ್ರಿ? ತೋರಸ್ರಿ.” ಆಕೆಯ ದನಿ ಏರಿತ್ತು. ನೀಲಿ ಚುಕ್ಕೆಯ ಯುರೋಪನ್ನು ನನ್ನ ಮುಂದೆ ಹಿಡಿದಿದ್ದಳು. ನನ್ನ ಮೇಲೆ ಅಷ್ಟು ಸಿಟ್ಟು ಮಾಡಿದ ವಿದ್ಯಾರ್ಥಿನಿ ಇನ್ನೊಬ್ಬಳಿಲ್ಲ, ಅಷ್ಟು ಸರಿಯಾಗಿ ಮಾಡಿದವಳಂತೂ ಇಲ್ಲವೇ ಇಲ್ಲ.

ಗೈಡಿನ ಮೊಟ್ಟೆಯ ಮೇಲೆ ಬೆರಳಿಡಲು ನನ್ನ ಕೈ ಏಳಲಿಲ್ಲ. “ಎಲ್ಲಿ ಬೇಕಾದಲ್ಲಿ ಬರಿ, ತಾಯಿ,” ಅಂದೆ. “ಹೆಸರು ಮಾತ್ರ ಅದನ್ನ ಬರಿ.”

ಆಕೆ ಹಾಳೆ ಮಡಚಿಕೊಂಡು ಹೋದಳು. ಮರುಪರೀಕ್ಷೆ ಮುಗಿಯುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಬರುತ್ತಿದ್ದಳು, ಕೂರುತ್ತಿದ್ದಳು, ಕೇಳಿದ್ದಕ್ಕೆ ‘ಹೂಂ ರೀ’ ಅನ್ನುತ್ತಿದ್ದಳು. ಕೈ ಎತ್ತುವುದನ್ನು ಬಿಟ್ಟಿದ್ದಳು. ನಾನು ಒಂದು ತಪ್ಪನ್ನು ಬರೆಸಲು ಹೋಗಿ ಪ್ರಶ್ನೆ ಕೇಳುವ ಒಬ್ಬ ಹುಡುಗಿಯ ಬಾಯಿ ಮುಚ್ಚಿಸಿದೆನೆಂದು ಪ್ರತಿ ಮಧ್ಯಾಹ್ನ ಅನ್ನಿಸುತ್ತಿತ್ತು. ಪ್ರಾಧ್ಯಾಪಕರ ಮೇಲಿನ ಸಿಟ್ಟು ಇದರಿಂದ ಇಮ್ಮಡಿಯಾಯಿತು. ಆ ಕೆಲಸವನ್ನು ಅವರು ನನ್ನ ಕೈಯಿಂದ ಮಾಡಿಸಿದ್ದರು.

ಆಕೆ ಪಾಸಾದಳು. ಅಧ್ಯಕ್ಷೆ ಓಡಿಬಂದು ಹೇಳಿದರು. ಫಾರಂ ಮೇಲಕ್ಕೆ ಹೋಯಿತು, ಕೆಲ ದಿನಗಳಲ್ಲಿ ಅದು ಮುಟ್ಟಿದ ಪಾವತಿಯೂ ಬಂತು. ಇನ್ನು ಆ ಫಾರಮ್ಮನ್ನು ಹಿಂದಕ್ಕೆ ಎಳೆಯಲು ಗದಗಿನಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ಡಂಬಳದಿಂದ ಅಪ್ಪ, ಲಗ್ನ ಮುಂದಿನ ವರ್ಷ ನೋಡೋಣ ಎಂದು ಬೀಗರಿಗೆ ಹೇಳಿ ಕಳಿಸಿದ್ದ.

ತಿದ್ದಿದ ಪತ್ರಿಕೆಗಳ ಕಟ್ಟು ಮಂಡಳಕ್ಕೆ ಮರಳಿ ಬಂದಾಗ ಆಕೆಯ ನಕಾಶೆಯನ್ನು ತೆಗೆದು ನೋಡಿದೆ. ‘ಪವಿತ್ರ ಸಮುದ್ರ’ ಎಂದು ಮುತ್ತಿನಂಥ ಅಕ್ಷರದಲ್ಲಿ, ಇಟಲಿಯ ಪಕ್ಕದ ನೀರಿನ ಮೇಲೆ ಬರೆದಿದ್ದಳು. ಅದರಿಂದ ಒಂದು ಬಾಣ ಹೊರಟಿತ್ತು. ಬಾಣದ ತುದಿ ನೀರಿನಲ್ಲಿರಲಿಲ್ಲ. ದಂಡೆ ದಾಟಿ ನೆಲಕ್ಕೆ ಹೋಗಿ, ಸರಿಯಾಗಿ ರೋಮಿನ ಮೇಲೆ, ಹಾಳೆ ತೂತಾಗುವಷ್ಟು ಒತ್ತಿದ ಚುಕ್ಕೆಗೆ ನಿಂತಿತ್ತು. ಆ ಬಾಣದ ಮೇಲೆಯೇ ಪ್ರಾಧ್ಯಾಪಕರ ಕೆಂಪು ರೈಟ್ ಗುರುತು ಬಿದ್ದಿತ್ತು.

ಆಕೆ ಬಾಗಿಲ ಹತ್ತಿರ ನಿಂತಿದ್ದಳು. ನಾನು ನೋಡುವುದನ್ನೇ ಕಾಯುತ್ತಿದ್ದಳೆಂದು ಕಾಣುತ್ತದೆ.

“ಹೆಸರು ಅವರು ಹೇಳಿದ್ದನ್ನ ಬರದೀನ್ರಿ, ಅಕ್ಕಾರ,” ಅಂದಳು. “ಜಾಗಾ ನೀವು ಹೇಳಿದ್ದು.”

ನೇಕಾರರ ಹುಡುಗಿ ಇಣುಕಿ ನೋಡಿ, “ಎಂಥಾ ಕಳ್ಳಿ ಇದ್ದೀಯಲೇ!” ಎಂದು ಆಕೆಯ ಬೆನ್ನಿಗೆ ಗುದ್ದಿದಳು. ಇಬ್ಬರೂ ನಕ್ಕರು. ನನಗೂ ನಗು ಬಂತು. ಆದರೆ ಸಿಟ್ಟು ಇಳಿಯಲಿಲ್ಲ. ಒಬ್ಬ ಹುಡುಗಿಯ ಒಂದು ವರ್ಷ ಯಾವುದರ ಮೇಲೆ ನಿಂತಿತ್ತೋ ಆ ಶಬ್ದವನ್ನು ಪ್ರಾಧ್ಯಾಪಕರು ಓದಿದ್ದರು, ಅದು ಎಲ್ಲಿಗೆ ಬೆರಳು ತೋರಿಸುತ್ತಿದೆ ಎಂದು ನೋಡಿರಲೇ ಇಲ್ಲ. ನಕಾಶೆಯನ್ನು ಮಡಚದೆ, ಎರಡು ರಟ್ಟುಗಳ ನಡುವೆ ಇಟ್ಟುಕೊಂಡು, ಅದೇ ಮಧ್ಯಾಹ್ನ ಗದಗಿನ ಕಾಲೇಜಿಗೆ ಹೋದೆ.

“ಬರ್ರಿ ಬಾಯಾರ, ಕುಂಡ್ರಿ,” ಪ್ರಾಧ್ಯಾಪಕರು ಎದ್ದರು. “ಆತಲ್ಲ ಪಾಸ? ನಾ ಹೇಳಿದ್ನಲ್ಲ, ಒಂದು ಶಬ್ದದ ಮಾತು ಅಂತ.”

“ಕುಂಡ್ರಂಗಿಲ್ರಿ,” ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. ನಕಾಶೆಯನ್ನು ಅವರ ಮುಂದೆ ಇಟ್ಟೆ. “ಇದಕ್ಕ ನೀವು ರೈಟ್ ಹಾಕೀರಿ.”

“ಬರದಾಳ, ಹಾಕೀನಿ.”

“ಬಾಣದ ತುದಿ ನೋಡ್ರಿ.”

ಕನ್ನಡಕ ಏರಿಸಿಕೊಂಡು ಬಗ್ಗಿದರು. ಸ್ವಲ್ಪ ಹೊತ್ತು ನೋಡಿದರು. “ಇದು ನೆಲ ಅಲ್ರಿ? ನೆಲದ ಮ್ಯಾಲ ಸಮುದ್ರ ತೋರ್ಸ್ಯಾಳ! ಇದು ತಪ್ಪು.” ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದರು.

“ತಪ್ಪಿದ್ರ ಕಾಟು ಹಾಕ್ರಿ. ಆಕಿ ಫಾರಂ ಹೋಗಿ ಮುಟ್ಟ್ಯದ, ಈಗ ಆಕಿಗೆ ಏನೂ ಆಗಂಗಿಲ್ಲ. ಆದ್ರ ಕಾಟು ಹಾಕಿದ ಮ್ಯಾಲ ಸಮುದ್ರ ಎಲ್ಲಿ ಅದ ಅಂತ ನಿಮ್ಮ ಕೈಲೆ ಅಲ್ಲೇ ಗುರುತು ಮಾಡಿ ಸಹಿ ಹಾಕ್ರಿ. ನಮ್ಮ ಹುಡಿಗ್ಯಾರು ಕಾಯಾಕತ್ತಾರ, ಒಯ್ದು ತೋರಸ್ತೀನಿ. ಅಷ್ಟು ಆಳ ಅವರಿಗೂ ಬೇಕಾಗ್ಯದ.”

ಅಧ್ಯಾಪಕರ ಆ ಕೋಣೆಯಲ್ಲಿ ಇನ್ನೂ ಕೆಲವರಿದ್ದರು. ಕಿಟಕಿಯ ಹತ್ತಿರ ಕೂತಿದ್ದ ಭೂಗೋಳದವರು ಕುರ್ಚಿ ಸರಿಸಿ ಎದ್ದು ಬಂದರು.

“ಎಲ್ಲಿ ಬರ್ತೈತ್ರಿ ಸರ್ ಅದು? ನಾನೂ ನೋಡ್ತೀನಿ.”

ಪ್ರಾಧ್ಯಾಪಕರು ಪೆನ್ನನ್ನು ಇಟಲಿಯ ಹಿಮ್ಮಡಿಯ ಕೆಳಗೆ ಒಯ್ದರು. ಅಲ್ಲಿ ಭೂಗೋಳದವರ ಮುಖ ನೋಡಿದರು. ಪೆನ್ನು ಸ್ವಲ್ಪ ಬಲಕ್ಕೆ ಸರಿಯಿತು, ಗ್ರೀಸಿನ ತನಕ ಹೋಯಿತು, ತಿರುಗಿ ಬಂತು. ನೀರಿನ ಮೇಲೆ ಎಲ್ಲೂ ಇಳಿಯಲಿಲ್ಲ.

“ಬಾಯಾರ, ಮೊದಲ ನೀವು ಕುಂಡ್ರಿ,” ಅಂದರು.

ನಾನು ನಿಂತೇ ಇದ್ದೆ.